ಗಾಳಿ ನಿಲ್ಲಲಿ ಎಂದು ಕಾದವರು

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎದುರಿಗೆ ‘ಪೇಂಟರ್’, ಬೆನ್ನ ಹಿಂದೆ ‘ಒಣಗಲಿ’. ಮನೆಗಳ ಹೊರಗೋಡೆಗೆ ಬಣ್ಣ ಹೊಡೆಯುವುದು ಅವರ ಕಸುಬು. ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುವುದು ಒಂದೇ ಮಾತು: ಒಣಗಲಿ, ನೋಡೋಣ. ಕೆಲಸ ಯಾವಾಗ ಶುರು ಮಾಡುತ್ತೀರಿ ಎಂದರೂ ಅದೇ, ಮಗಳನ್ನು ಯಾವ ಕಾಲೇಜಿಗೆ ಸೇರಿಸುತ್ತೀರಿ ಎಂದರೂ ಅದೇ. ಮದುವೆಯ ಮಾತುಕತೆಯಲ್ಲಿ ಮಾವನಿಗೂ ಅದನ್ನೇ ಹೇಳಿದರಂತೆ. ಹೇಳಿದವರು ಅವರ ಹೆಂಡತಿ, ಆಕೆ ಸುಳ್ಳು ಹೇಳುವವರಲ್ಲ.

ನಾನು ಅವರ ಮನೆಯಿಂದ ನಾಲ್ಕು ಅಂಗಡಿ ಆಚೆ ವಿಮಾನದ ಟಿಕೆಟ್ ಮಾಡಿಕೊಡುವವನು. ಒಂದು ಮೇಜು, ಒಂದು ಕಂಪ್ಯೂಟರ್, ಬಂದವರಿಗೆ ಎರಡು ಕುರ್ಚಿ. ಆ ಎರಡರಲ್ಲಿ ಒಂದರ ತೋಳಿನ ಮೇಲೆ ಇವತ್ತಿಗೂ ಬಿಳಿ ಸುಣ್ಣದ ಬೆರಳಚ್ಚು ಇದೆ. ಆ ಚಳಿಗಾಲವೆಲ್ಲ ಅದರಲ್ಲಿ ಕೂತವರು ಅವರೇ. ನಾನು ಸ್ವಭಾವದಿಂದ ಮುಂಗೋಪಿ. ಟಿಕೆಟ್ ತೆಗೆದುಕೊಳ್ಳದೆ ಬರೀ ವಿಚಾರಿಸಿ ಹೋಗುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಐದು ತಿಂಗಳು ಅವರನ್ನು ಸಹಿಸಿದೆ, ಏಕೆಂದರೆ ಅವರು ಕೇಳುತ್ತಿದ್ದದ್ದು ತಮಗಾಗಿ ಅಲ್ಲ, ತಾಯಿಗಾಗಿ.

ತಾಯಿಗೆ ಎಂಬತ್ತೊಂದು. ಬೀದಿಗೆಲ್ಲ ಅಜ್ಜಿ. ಅಜ್ಜಿಯ ದೊಡ್ಡ ಮಗಳು, ಎಂದರೆ ಪೇಂಟರ್ ಅವರ ಅಕ್ಕ, ಮದುವೆಯಾಗಿ ಸಮುದ್ರದಾಚೆಯ ಒಂದು ದ್ವೀಪದಲ್ಲಿ ಇದ್ದಾರೆ. ಗಂಡ ದೋಣಿಯ ಇಂಜಿನ್ ರಿಪೇರಿ ಮಾಡುತ್ತಾರೆ, ಈಕೆ ಬಟ್ಟೆ ಹೊಲಿಯುತ್ತಾರೆ. ತಾಯಿ ಮಗಳು ಮುಖ ನೋಡಿ ಒಂಬತ್ತು ವರ್ಷ ಆಗಿತ್ತು. ಹಿಂದಿನ ವರ್ಷ ಅಕ್ಕನಿಗೆ ಕಾಯಿಲೆ ಬಂತು, ಆಪರೇಷನ್ ಆಯಿತು, ಆಮೇಲೆ ತಿಂಗಳುಗಟ್ಟಲೆ ಔಷಧಿ ಏರಿಸಿದರು. ಅಜ್ಜಿಗೆ ಮನೆಯವರು ಹೇಳಿದ್ದು ಇಷ್ಟೇ: ಹೊಟ್ಟೆಯಲ್ಲಿ ಒಂದು ಗಡ್ಡೆ ಇತ್ತು, ತೆಗೆದರು, ಈಗ ಚೆನ್ನಾಗಿದ್ದಾಳೆ. ಅಜ್ಜಿ ಒಂದು ಸಲ ಅವಳನ್ನು ನೋಡಬೇಕು ಎಂದರು, ಅದರ ಮೇಲೆ ದಿನವೂ ಅದನ್ನೇ ಎಂದರು.

ಹೋಗುವುದು ಸುಲಭವಲ್ಲ. ಮೊದಲು ಒಂದು ದೊಡ್ಡ ವಿಮಾನ, ಏಳು ಗಂಟೆ. ಅಲ್ಲಿಂದ ನಲವತ್ತು ಸೀಟಿನ ಒಂದು ಚಿಕ್ಕ ವಿಮಾನ ದ್ವೀಪಕ್ಕೆ. ಆ ಚಿಕ್ಕದಕ್ಕೆ ಗಾಳಿ ಎಂದರೆ ಆಗದು. ಅಡ್ಡಗಾಳಿ ಸ್ವಲ್ಪ ಜೋರಾದರೂ ಇಳಿಯುವುದಿಲ್ಲ, ಎಷ್ಟೋ ಸಲ ಹೊರಡುವುದೂ ಇಲ್ಲ. ಅಲ್ಲಿ ಜೂನ್‌ನಿಂದ ನವೆಂಬರ್ ತನಕ ಬಿರುಗಾಳಿಯ ಕಾಲ. ಡಿಸೆಂಬರ್, ಜನವರಿ ಬಂದರೆ ನಮ್ಮ ಊರಿನ ವಿಮಾನ ನಿಲ್ದಾಣವನ್ನು ಮಂಜು ನುಂಗುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಅವರು ಮೊದಲ ಸಲ ಬಂದಾಗಲೇ ನಾನು ಹೇಳಿದೆ, ಫೆಬ್ರವರಿಗೆ ಮಾಡಿಸಿ, ಆಗ ಎರಡು ಕಡೆಯೂ ಆಕಾಶ ಸುಮ್ಮನಿರುತ್ತದೆ.

ಅವರು ಸೂರು ನೋಡಿದರು. ಒಣಗಲಿ ಎಂದರು. ಎದ್ದು ಹೋದರು.

ಅವರ ಈ ನಿಧಾನಕ್ಕೆ ಒಂದು ಕಾರಣ ಉಂಟು. ಹರೆಯದಲ್ಲಿ ಅವರೂ ಎಲ್ಲರಂತೆ ಆತುರದವರೇ. ಒಂದು ಸಲ ಮೂರು ದಿನ ಮಳೆಯಿಲ್ಲ ಎಂದು ರೇಡಿಯೋ ಹೇಳಿತೆಂದು ಒಂದು ಶಾಲೆಯ ಉದ್ದನೆಯ ಕಾಂಪೌಂಡಿಗೆ ತಿಳಿನೀಲಿ ಹೊಡೆದು ಮುಗಿಸಿದರು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟಿತು, ನಾಲ್ಕೂ ಹತ್ತಕ್ಕೆ ಮಳೆ ಹೊಯ್ಯಿತು. ನೀಲಿಯೆಲ್ಲ ರಸ್ತೆಯಲ್ಲಿ ಹರಿಯಿತು. ಇನ್ನೂರು ಮಕ್ಕಳ ಬಿಳಿ ಕಾಲುಚೀಲ ಆ ವರ್ಷವಿಡೀ ನೀಲಿಯಾಗಿಯೇ ಉಳಿಯಿತು, ತಾಯಂದಿರು ಇವರನ್ನು ಬೈದ ಬೈಗುಳ ಬರೆದರೆ ಒಂದು ಪುಸ್ತಕ. ಅಂದಿನಿಂದ ಇವರದ್ದೊಂದು ಕಟ್ಟುನಿಟ್ಟಿನ ಪದ್ಧತಿ. ಹಿಂದಿನ ಸಂಜೆ ಗೋಡೆಗೆ ಅಂಗೈಯಗಲ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ. ಬೆಳಿಗ್ಗೆ ಅದರಡಿ ಹನಿ ಕಂಡರೆ ಡಬ್ಬ ತೆರೆಯುವುದಿಲ್ಲ, ಮನೆ ಯಜಮಾನ ತಲೆಕೆಳಗಾಗಿ ನಿಂತರೂ ತೆರೆಯುವುದಿಲ್ಲ. ಬೇರೆ ಊರಿನ ಗೋಡೆಯಾದರೆ ಆ ಗೋಡೆಯ ಹತ್ತಿರ ಇರುವವರಿಗೆ ಫೋನು ಮಾಡಿ, ಅಂಗೈಯ ಹಿಂಬದಿ ಗೋಡೆಗೆ ಒತ್ತಿ ನೋಡಿ ಹೇಳಿ ಎನ್ನುತ್ತಾರೆ. ಗೋಡೆಯ ಮುಂದೆ ನಿಂತವರ ಮಾತು ಕೇಳಬೇಕು, ರೇಡಿಯೋ ಮುಂದೆ ಕೂತವರದ್ದಲ್ಲ. ಇದು ಅವರ ಶಾಸನ. ಗೋಡೆಗಳ ವಿಷಯದಲ್ಲಿ ಅದು ಇಪ್ಪತ್ತೈದು ವರ್ಷ ಅವರ ಕೈ ಬಿಟ್ಟಿರಲಿಲ್ಲ.

ಜನವರಿ ಮೊದಲ ವಾರ ಅಜ್ಜಿಯನ್ನು ಹೃದಯದ ಡಾಕ್ಟರಿಗೆ ತೋರಿಸಿದರು. ಎದೆಯ ಒಂದು ಕವಾಟ ಬಿಗಿಯಾಗುತ್ತಿದೆ, ಏಪ್ರಿಲ್‌ನಲ್ಲಿ ಚಿಕಿತ್ಸೆ ಆಗಲೇಬೇಕು, ಅದರ ನಂತರ ದೂರದ ವಿಮಾನ ಪ್ರಯಾಣದ ಮಾತೇ ಬೇಡ ಎಂದರು ಡಾಕ್ಟರು. ಮಾರ್ಚ್ ಮುಗಿಯುವುದರೊಳಗೆ ಹೋಗಿ ಬರುವುದಾದರೆ ಕಾಗದ ಬರೆದುಕೊಡುತ್ತೇನೆ, ಒಂದು ದಿನ ತಡವಾದರೂ ಕೊಡುವುದಿಲ್ಲ. ಅಕ್ಕನಂತೂ ಇನ್ನೂ ಔಷಧಿಯ ಹಿಡಿತದಲ್ಲಿ, ಅಲ್ಲಿಂದ ಕದಲುವಂತಿಲ್ಲ. ಎಂದರೆ ಲೆಕ್ಕ ಸ್ಪಷ್ಟ. ಮಾರ್ಚ್ ಒಳಗೆ ತಾಯಿ ಮಗಳ ಭೇಟಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಇಷ್ಟಾದ ಮೇಲೂ ಅವರು ಟಿಕೆಟ್ ಮಾಡಿಸಲಿಲ್ಲ.

ಫೆಬ್ರವರಿ ಬಂತು, ನಮ್ಮ ಮಂಜು ಕರಗಿತು. ದಿನವೂ ಬೆಳಿಗ್ಗೆ ಹತ್ತಕ್ಕೆ ಅವರು ಅಕ್ಕನಿಗೆ ಫೋನು ಮಾಡುವುದು, ಹತ್ತೂವರೆಗೆ ನನ್ನ ಅಂಗಡಿಗೆ ಬರುವುದು. ಅಕ್ಕ ಹೇಳುತ್ತಿದ್ದಳಂತೆ, ಈ ಸಲ ಗಾಳಿ ನಿಂತೇ ಇಲ್ಲ, ತಗಡು ಹಾರುತ್ತಿದೆ, ಒಗೆದ ಬಟ್ಟೆ ಹೊರಗೆ ಹಾಕುವಂತಿಲ್ಲ, ಇನ್ನೊಂದು ವಾರ ನೋಡಿ ಬುಕ್ ಮಾಡಿ. ವಾರವಾದರೆ ಮತ್ತೊಂದು ವಾರ. ಪೇಂಟರ್ ಮಗಳ ಫೋನಿನಲ್ಲಿ ಹವಾಮಾನ ಹೇಳುವ ಮೂರು ಆ್ಯಪ್ ಇದ್ದವು. ಒಂದು ಬಿಸಿಲು ಎನ್ನುತ್ತಿತ್ತು, ಇನ್ನೊಂದು ಮೋಡ, ಮೂರನೆಯದು ಗುಡುಗು. ಕಾಲ ಮೊದಲಿನಂತಿಲ್ಲ, ಯಾವ ತಿಂಗಳಲ್ಲಿ ಏನಾಗುತ್ತದೋ ಯಾರಿಗೂ ತಿಳಿಯದು ಎಂದು ಎಲ್ಲರೂ ಹೇಳುತ್ತಿರುವಾಗ ಫೆಬ್ರವರಿಯಲ್ಲಿ ಬಿರುಗಾಳಿ ಎಂದರೆ ನಂಬದಿರುವುದು ಹೇಗೆ? ಅದರ ಮೇಲೆ ಆ ಅಕ್ಕ ಹುಟ್ಟಿನಿಂದ ಸುಳ್ಳು ಹೇಳಲು ಬಾರದವಳಂತೆ. ಚಿಕ್ಕಂದಿನಲ್ಲಿ ಹೂಜಿ ಒಡೆದರೆ ಸದ್ದು ಅಡಗುವ ಮೊದಲೇ ಹೋಗಿ ತಾಯಿಯ ಮುಂದೆ ನಿಲ್ಲುತ್ತಿದ್ದಳಂತೆ.

ನನಗೆ ಮಾತ್ರ ಇದು ಸರಿಕಾಣಲಿಲ್ಲ. ನನ್ನ ಪರದೆಯಲ್ಲಿ ಆ ಚಿಕ್ಕ ವಿಮಾನದ ಹಾಜರಿ ಕಾಣುತ್ತದೆ. ಹನ್ನೆರಡು ದಿನ ಸತತವಾಗಿ ಅದು ಹೊತ್ತಿಗೆ ಸರಿಯಾಗಿ ಇಳಿದಿತ್ತು. ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ.

“ನಿಮ್ಮ ಪೆಟ್ಟಿಗೆ ಅಲ್ಲಿ ನಿಂತಿದೆಯಾ?” ಎಂದರು. “ನಮ್ಮಕ್ಕ ನಿಂತಿದಾಳೆ.”

ನನ್ನ ತಾಳ್ಮೆಗೂ ಒಂದು ಮಿತಿ ಇದೆ. ನೀವು ಗೋಡೆ ಒಣಗಲಿ ಎಂದು ಕಾಯುತ್ತ ಕೂತರೆ ಮನೆಯೇ ಬಿದ್ದು ಹೋಗುತ್ತದೆ ಎಂದುಬಿಟ್ಟೆ. ಅವರು ಆತುರಗಾರನಿಗೆ ಬುದ್ಧಿ ಮಟ್ಟ ಎಂದರು. ನಾನು ಎದ್ದು ಬಾಗಿಲು ತೋರಿಸಿದೆ. ಆಮೇಲೆ ಐದು ದಿನ ಅವರು ಈ ಕಡೆ ತಲೆ ಹಾಕಲಿಲ್ಲ. ನನ್ನ ಅಂಗಡಿಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು. ನಾನೂ ಏನು ಕಡಿಮೆ, ಆ ಕುರ್ಚಿಯನ್ನು ಮೂಲೆಗೆ ತಳ್ಳಿದೆ. ಆದರೂ ಸಾಯಂಕಾಲ ಬಾಗಿಲು ಹಾಕುವ ಮುಂಚೆ ದ್ವೀಪದ ವಿಮಾನ ಇಳಿಯಿತೇ ಎಂದು ನೋಡದೆ ಮನೆಗೆ ಹೋಗಲಾಗುತ್ತಿರಲಿಲ್ಲ. ಪ್ರತಿ ದಿನ ಇಳಿದಿತ್ತು.

ಅಜ್ಜಿ ಒಂದು ದಿನ ಕೋಲೂರಿಕೊಂಡು ಅಂಗಡಿಗೇ ಬಂದರು. ಕೂತು ಉಸಿರು ತೆಗೆದುಕೊಂಡು ಕೇಳಿದರು, “ತಾಳಿದವನು ಬಾಳಿಯಾನು ಅಂತ ನಾನೇ ಅವನಿಗೆ ಕಲಿಸಿದ್ದು. ಆದ್ರೆ ತಾಳೋಕೂ ಒಂದು ವಯಸ್ಸು ಬೇಕಲ್ಲಪ್ಪಾ?” ನಾನು ನೀರು ಕೊಟ್ಟೆ. ಕುಡಿದು ಹೋದರು. ಅಂದು ಇಡೀ ದಿನ ನನಗೆ ಯಾವ ಕೆಲಸವೂ ಸರಿಹೋಗಲಿಲ್ಲ.

ಆರನೇ ದಿನ ಭಾನುವಾರ. ಆ ದಿನ ನಡೆದದ್ದನ್ನು ಪೇಂಟರ್ ನನಗೆ ಮೂರು ಸಲ ಹೇಳಿದ್ದಾರೆ, ಅವರ ಹೆಂಡತಿ ಒಂದು ಸಲ. ಎರಡೂ ಹೊಂದುತ್ತವೆ.

ಮಧ್ಯಾಹ್ನ ಮಗಳ ಫೋನಿನಲ್ಲಿ ಅಕ್ಕನ ಜೊತೆ ವಿಡಿಯೋ ಮಾತು ನಡೆದಿತ್ತು. ಅಕ್ಕ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಮಂದ ಬೆಳಕಿನಲ್ಲಿ, ತಲೆಗೆ ಹಸಿರು ಬಟ್ಟೆ ಬಿಗಿದು ಕೂರುತ್ತಿದ್ದಳು. ಯಾಕೆ ಎಂದರೆ ಗಾಳಿ, ಥಂಡಿ. ಅಜ್ಜಿಯ ಕಣ್ಣಿಗೆ ಆ ಚಿಕ್ಕ ಪರದೆಯಲ್ಲಿ ಬಣ್ಣ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ದಿನ ಅವರು ಮಾತಾಡಿ ಮುಗಿಸಿ ಮಲಗಲು ಹೋದರು. ಅಷ್ಟರಲ್ಲಿ ಅಲ್ಲಿ ಯಾರೋ ಬಾಗಿಲು ಬಡಿದರು. ಅಕ್ಕ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಎದ್ದಳು. ಕ್ಯಾಮೆರಾ ಕಿಟಕಿಯ ಕಡೆ ತಿರುಗಿತು. ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು ನಿಮಿಷ.

ಕಿಟಕಿಯಾಚೆ ಎದುರು ಮನೆ. ಅದರ ಗೋಡೆಗೆ ಎರಡಾಳೆತ್ತರದ ಏಣಿ. ಏಣಿಯ ಮೇಲೆ ಒಬ್ಬ, ಅರ್ಧ ತೋಳಿನ ಅಂಗಿಯಲ್ಲಿ, ರೋಲರ್ ಹಿಡಿದು ಹಳದಿ ಬಣ್ಣ ಹೊಡೆಯುತ್ತಿದ್ದಾನೆ. ನೀವಾಗಲಿ ನಾನಾಗಲಿ ನೋಡಿದ್ದರೆ ಒಬ್ಬ ಪೇಂಟರ್ ಎಂದು ಸುಮ್ಮನಾಗುತ್ತಿದ್ದೆವು. ಇವರು ಇಪ್ಪತ್ತೈದು ವರ್ಷ ಗೋಡೆ ನೋಡಿದ ಮನುಷ್ಯ. ಗಾಳಿಯಲ್ಲಿ ಯಾರೂ ಆ ಎತ್ತರದ ಏಣಿ ಹತ್ತುವುದಿಲ್ಲ. ಹೋಗಲಿ, ಅವನು ಹುಚ್ಚನೇ ಇರಬಹುದು. ಆದರೆ ಅವನು ಹೊಡೆಯುತ್ತಿದ್ದದ್ದು ಎರಡನೇ ಕೋಟ್. ಹೊಸ ಹಳದಿ ಬಿದ್ದದ್ದು ಬರೀ ಗೋಡೆಯ ಮೇಲಲ್ಲ, ಆಗಲೇ ಒಣಗಿ ಮಾಸಲಾಗಿದ್ದ ಹಳದಿಯ ಮೇಲೆ. ಎಂದರೆ ಮೊದಲ ಕೋಟ್ ಹೊಡೆದು, ಅದು ಒಣಗಿ, ಉಜ್ಜಿ, ಮತ್ತೆ ಶುರು ಮಾಡುವಷ್ಟು ದಿನ ಅಲ್ಲಿ ಗಾಳಿಯೂ ಇಲ್ಲ, ಮಳೆಯೂ ಇಲ್ಲ.

ಅಕ್ಕ ಔಷಧಿಯ ಪೊಟ್ಟಣ ಹಿಡಿದು ವಾಪಸು ಬಂದು ಕೂತಳು. ಇವರು ಹೆಂಡತಿಗೆ ಬಾಗಿಲು ಮುಂದೆ ಮಾಡಲು ಸನ್ನೆ ಮಾಡಿದರು.

“ಅಕ್ಕಾ, ನಿಮ್ಮ ಎದುರು ಮನೆಗೆ ಎರಡನೇ ಕೋಟ್ ಹೊಡೀತಿದಾನೆ.”

“ಹೂಂ, ಮಂಗಳವಾರದಿಂದ ಹೊಡೀತಾನೇ ಇದಾನೆ,” ಎಂದಳು ಅಕ್ಕ. ಸುಳ್ಳು ಬಾರದವಳಿಗೆ ಸುಳ್ಳು ಹೇಳುವಾಗ ಎಷ್ಟು ಕಡೆ ಕಾವಲು ಬೇಕು ಎಂಬುದು ಗೊತ್ತಿರುವುದಿಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಹೊಳೆಯಿತು. ಆಮೇಲೆ ತಲೆಯ ಬಟ್ಟೆ ಬಿಚ್ಚಿದಳು. ಪೇಂಟರ್ ಕಣ್ಣು ಮುಚ್ಚಿಕೊಂಡರಂತೆ. ಒಂದು ಕೂದಲೂ ಇರಲಿಲ್ಲ, ಬರೀ ಬೂದಿಬಣ್ಣದ ಹೊಗೆಯಂಥ ಚಿಗುರು. ಕೆನ್ನೆ ಒಳಗೆ ಸೇರಿತ್ತು.

“ಸೊಂಟದವರೆಗೆ ಜಡೆ ಹೆಣೆದು ಕಳ್ಸಿದ್ದಳು ಅಮ್ಮ,” ಎಂದಳು. “ಈ ತಲೆ ಇಟ್ಕೊಂಡು ಅವಳ ಮುಂದೆ ಹೇಗೆ ನಿಲ್ಲಲಿ? ಸ್ವಲ್ಪ ಕೂದಲು ಬರ್ಲಿ, ನಾಲ್ಕು ಕೆಜಿ ಮೈ ಹತ್ಲಿ, ಆಮೇಲೆ ಬನ್ನಿ ಅಂತಿದ್ದೆ. ಅಷ್ಟೇ ಕಣೋ.”

“ನಿನ್ನ ಕೂದಲು ಬರೋ ತನಕ ಅಮ್ಮನ ಎದೆ ಕಾಯಲ್ಲ ಅಕ್ಕಾ. ಡಾಕ್ಟ್ರು ಮಾರ್ಚ್ ಕೊನೆ ಅಂದಿದಾರೆ. ನಿನ್ನ ಕಾಯಿಲೆ ಮಧ್ಯೆ ಇದೊಂದು ಯಾಕೆ ಅಂತ ನಿನಗೆ ಹೇಳಿರ್ಲಿಲ್ಲ.”

ಅಕ್ಕನಿಗೆ ನೋವಾಗುತ್ತದೆಂದು ಪೇಂಟರ್ ಒಂದು ಮುಚ್ಚಿಟ್ಟರು, ಅಮ್ಮನಿಗೆ ನೋವಾಗುತ್ತದೆಂದು ಅಕ್ಕ ಒಂದು ಮುಚ್ಚಿಟ್ಟಳು. ಇಬ್ಬರ ಪ್ರೀತಿ ಸೇರಿ ಆ ಮುದುಕಿಯ ಮೂರು ವಾರ ತಿಂದು ಹಾಕಿತ್ತು. ಇಂಥ ಪ್ರೀತಿ ಕಂಡರೆ ನನಗೆ ಸಿಟ್ಟು ಬರುತ್ತದೆ, ಈಗ ಬರೆಯುವಾಗಲೂ ಬರುತ್ತಿದೆ. ಅಕ್ಕ ಕೊನೆಗೆ ಹೇಳಿದ್ದು ಒಂದೇ ಮಾತು. “ನಾಳೇನೇ ಟಿಕೆಟ್ ಮಾಡ್ಸು.”

ಸೋಮವಾರ ನಾನು ಅಂಗಡಿಯ ಶಟರ್ ಎತ್ತುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಜಗಳದ ಮಾತು ಇಬ್ಬರೂ ಎತ್ತಲಿಲ್ಲ. ಮೂಲೆಯ ಕುರ್ಚಿಯನ್ನು ಅವರೇ ಎಳೆದುಕೊಂಡು ಕೂತು ನಡೆದದ್ದನ್ನೆಲ್ಲ ಹೇಳಿದರು. ನಾಲ್ಕು ಜನರಿಗೆ ಟಿಕೆಟ್ ಬೇಕು. ತಾಯಿ, ತಾವು, ಹೆಂಡತಿ, ಮಗಳು. ಮಗಳ ಪರೀಕ್ಷೆ ಈಗ ಶುರುವಾಗಿತ್ತು, ಮುಗಿಯುವುದು ಮಾರ್ಚ್ ಒಂಬತ್ತಕ್ಕೆ, ಅದರ ಮೊದಲು ಆಗದು. ನಾಲ್ಕು ಸೀಟು ಒಟ್ಟಿಗೆ ಸಿಗುವ ದಿನ ಇನ್ನು ಎರಡೇ ಉಳಿದಿದ್ದವು, ಹತ್ತು ಮತ್ತು ಹದಿನೆಂಟು. ಇಷ್ಟು ದಿನ ಇಲ್ಲದ ಗಾಳಿ ಈಗ ನಿಜವಾಗಿಯೂ ಬರುವ ಸೂಚನೆ ಇತ್ತು. ಹತ್ತರಿಂದ ಹದಿಮೂರರ ಒಳಗೆ ದ್ವೀಪದ ಸುತ್ತ ಗಾಳಿ ಏಳಬಹುದು ಎಂದು ಮುನ್ಸೂಚನೆ. ಹದಿನೆಂಟಕ್ಕೆ ಏನು ಎಂದು ಯಾರೂ ಹೇಳಿರಲಿಲ್ಲ, ಹೇಳಿದರೂ ಅದು ಗಿಳಿಶಾಸ್ತ್ರ.

ಸಹಜವಾಗಿ ಅವರ ಬೆರಳು ಹದಿನೆಂಟರ ಮೇಲೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ನನ್ನ ಮುಖ ನೋಡಿ, ನಿಮ್ಮ ತಾಯಿ ಆಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಐದು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

“ಹತ್ತಕ್ಕೇ ಹೊರಡ್ತಿದ್ದೆ,” ಎಂದೆ. “ಒಳ್ಳೆ ದಿನ ಹುಡುಕ್ತಾ ಕೂರಬೇಡಿ. ಕೆಟ್ಟ ದಿನಕ್ಕೆ ಜಾಗ ಬಿಟ್ಟು ಹೊರಡಿ. ಹತ್ತಕ್ಕೆ ಹೋಗಿ ಗಾಳಿ ಸಿಕ್ರೆ ಕಾಯೋಕೆ ಮೂರು ವಾರ ಇದೆ. ಹದಿನೆಂಟಕ್ಕೆ ಹೋಗಿ ಸಿಕ್ರೆ ಎಷ್ಟಿದೆ?”

ಅವರು ಗಡ್ಡ ಕೆರೆದುಕೊಂಡರು. ಕೆಲವು ಗೋಡೆಗೆ ತೇವ ಇದ್ದರೂ ಹೊಡೆಯಬೇಕಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಹತ್ತು ಎಂದರು. ಅವರ ಮನಸ್ಸು ಬದಲಾಗುವ ಮೊದಲೇ ನಾನು ಗುಂಡಿ ಒತ್ತಿಬಿಟ್ಟೆ. ದೊಡ್ಡ ವಿಮಾನದಿಂದ ಇಳಿದ ಮೇಲೆ ಅಜ್ಜಿಯ ಕಾಲಿಗೆ ವಿಶ್ರಾಂತಿ ಇರಲಿ ಎಂದು ನಡುವೆ ಒಂದು ರಾತ್ರಿ ಬಿಟ್ಟು, ಮಾರನೇ ದಿನದ ಚಿಕ್ಕ ವಿಮಾನಕ್ಕೆ ಹಾಕಿದೆ. ಗಾಲಿಕುರ್ಚಿಗೂ ಹೇಳಿದೆ.

ಹತ್ತರಂದು ಹೊರಟರು. ಹನ್ನೊಂದರ ಬೆಳಿಗ್ಗೆ ನನ್ನ ಪರದೆಯಲ್ಲಿ ಆ ಚಿಕ್ಕ ವಿಮಾನದ ಎದುರು ಕೆಂಪು ಅಕ್ಷರ ಬಂತು. ರದ್ದು, ಗಾಳಿಯ ಕಾರಣ. ಹತ್ತಕ್ಕೆ ಎಂದು ಹೇಳಿದವನು ನಾನು. ಆ ದೇಶದ ಯಾವುದೋ ಹೋಟೆಲಿನಲ್ಲಿ ಅಜ್ಜಿಗೆ ಎದೆ ನೋವು ಬಂದರೆ? ಈ ಅಡ್ಡಗಾಳಿಯಲ್ಲಿ ನನ್ನ ಬುದ್ಧಿವಂತಿಕೆ ಎಲ್ಲಿ ಹೋಗಿ ಬೀಳುತ್ತದೋ ಎಂದು ಹೆದರಿಕೊಂಡೇ ಫೋನು ಮಾಡಿದೆ. ಪೇಂಟರ್ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ನನಗೆ ಸಮಾಧಾನ ಹೇಳಿದರು. ಅಮ್ಮ ತಿಂಡಿ ತಿಂದು ಮಲಗಿದ್ದಾಳೆ, ಕಾಲಿನ ಊತ ಇಳಿದಿದೆ, ಮಗಳು ಕಿಟಕಿಯಿಂದ ಮರ ಅಲ್ಲಾಡುವುದನ್ನು ನೋಡುತ್ತಿದ್ದಾಳೆ. ಒಣಗಲಿ, ನೋಡೋಣ. ಅವರ ಆ ಹಾಳು ಮಾತು ನನಗೆ ಅಷ್ಟು ಹಿತವಾಗಿ ಕೇಳಿಸಿದ್ದು ಅದೇ ಮೊದಲು.

ಹನ್ನೆರಡರಂದೂ ರದ್ದು. ಹದಿಮೂರರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ವಿಮಾನ ಮೇಲೆದ್ದಿತು. ಒಂದೂವರೆಗೆ ‘ಇಳಿದಿದೆ’ ಎಂದು ಬಂತು. ನಾನು ಅಂಗಡಿಯಲ್ಲಿ ಒಬ್ಬನೇ ಇದ್ದೆ, ಆದ್ದರಿಂದ ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಇನ್ನು ಮುಂದಿನದು ಪೇಂಟರ್ ಹೆಂಡತಿ ಹೇಳಿದ್ದು. ಗಂಡನಿಗೆ ಇದನ್ನು ಪೂರ್ತಿ ಹೇಳಲು ಇನ್ನೂ ಆಗುವುದಿಲ್ಲ, ನಡುವೆ ಎದ್ದು ಹೋಗುತ್ತಾರೆ.

ನಿಲ್ದಾಣ ಎಂದರೆ ಒಂದು ಉದ್ದನೆಯ ಕೋಣೆ, ಅದರ ಕೊನೆಗೊಂದು ಗಾಜಿನ ಬಾಗಿಲು. ಬಾಗಿಲಾಚೆ ಭಾವ ಕೈ ಬೀಸುತ್ತಿದ್ದರು. ಅಕ್ಕ ಅವರ ಪಕ್ಕದಲ್ಲಿರಲಿಲ್ಲ. ಎರಡು ಮಾರು ಹಿಂದೆ, ಕಂಬಕ್ಕೆ ಅರ್ಧ ಮರೆಯಾಗಿ, ಹಸಿರು ಬಟ್ಟೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದಳು. ಅಜ್ಜಿ ಗಾಲಿಕುರ್ಚಿ ತಳ್ಳುವವನ ಕೈ ತಟ್ಟಿ ನಿಲ್ಲಿಸಿದರು, ಎದ್ದರು, ಸೊಸೆಯ ತೋಳನ್ನೂ ಬಿಡಿಸಿಕೊಂಡು ಕಂಬದ ತನಕ ತಾವೇ ನಡೆದರು. ಮಗಳು ಮುಖ ಕಾಣದಂತೆ ಬಗ್ಗಿ ತಬ್ಬಿಕೊಂಡಳು. ಅಜ್ಜಿಯ ಕೈ ಮಗಳ ಬೆನ್ನಿಗೆ ಹೋಗಲಿಲ್ಲ. ನೇರ ಕತ್ತಿನ ಹಿಂದಿನ ಗಂಟಿಗೆ ಹೋಯಿತು. ಗಂಟು ಬಿಚ್ಚಿ ಬಟ್ಟೆ ಎಳೆದರು. ಅಷ್ಟು ಜನರ ನಡುವೆ ಆ ಬೋಳು ತಲೆ ಬಯಲಾಯಿತು.

ಅಜ್ಜಿ ಹಣೆಯಿಂದ ಕತ್ತಿನ ತನಕ ಅಂಗೈ ಆಡಿಸಿದರು. ಇನ್ನೊಂದು ಸಲ ಆಡಿಸಿದರು.

“ಹುಟ್ಟಿದಾಗ ಹೀಗೇ ಇತ್ತು ನಿನ್ನ ತಲೆ,” ಎಂದರು. “ಇದನ್ನ ನಿನಗಿಂತ ಮೊದಲು ನೋಡಿದೋಳು ನಾನು. ನನಗೇ ಮುಚ್ಚಿಡ್ತೀಯಾ?”

ಅಕ್ಕ ಅತ್ತಳು. ಕಾಯಿಲೆ ಬಂದಂದಿನಿಂದ ಅವಳು ಹಾಗೆ ಬಾಯಿಬಿಟ್ಟು ಅತ್ತದ್ದೇ ಇಲ್ಲ ಎಂದು ಭಾವ ಆಮೇಲೆ ಹೇಳಿದರಂತೆ. ಅಜ್ಜಿ ಅವಳ ಮುಖವನ್ನು ಎರಡೂ ಕೈಯಿಂದ ಒರೆಸಿದರು. ಇಲ್ಲಿ ಥಂಡಿ ಇದೆ ಎಂದು ಹಸಿರು ಬಟ್ಟೆಯನ್ನು ತಮ್ಮ ಕೊರಳಿಗೆ ಸುತ್ತಿಕೊಂಡು, ಕಾರು ಎಲ್ಲಿ ನಿಲ್ಲಿಸಿದ್ದೀರಿ ಎಂದು ಅಳಿಯನನ್ನು ಕೇಳಿದರು. ಅಲ್ಲಿದ್ದ ಎರಡು ವಾರವೂ ಆ ಬಟ್ಟೆ ಅಜ್ಜಿಯ ಕೊರಳಲ್ಲೇ ಇತ್ತು. ಮಗಳು ಅದನ್ನು ವಾಪಸು ಕೇಳಲಿಲ್ಲ, ಬರಿತಲೆಯಲ್ಲೇ ಮನೆಯೆಲ್ಲ ಓಡಾಡಿಕೊಂಡಿದ್ದಳು.